ಯಾವ ಇಟಗಿ?

ಕೆಲವು ವರ್ಷಗಳ ಹಿಂದಿನ ಮಾತು. ಬೇಸಗೆಯ ಒಂದು ಮಧ್ಯಾಹ್ನ ನಮ್ಮೂರಿನ ಬಸ್ ನಿಲ್ಲುವ ಕಟ್ಟೆಯ ಬಳಿ ಇಬ್ಬರು ಪ್ರವಾಸಿಗಳು ಇಳಿದರು. ಗಂಡ ಹೆಂಡತಿ, ದೂರದ ಊರಿನವರು. ಬೇವಿನ ನೆರಳಿನಲ್ಲಿ ಕುಳಿತಿದ್ದ ನನ್ನನ್ನು ಕಂಡು, 'ಮಹಾದೇವ ದೇವಾಲಯಕ್ಕೆ ದಾರಿ ಯಾವುದು?' ಎಂದು ಕೇಳಿದರು. 'ಇಲ್ಲಿ ಇರುವುದು ಭೀಮಾಂಬಿಕೆಯ ಗುಡಿ. ನೀವು ಕೇಳುವ ಗುಡಿ ಕುಕನೂರಿನ ಕಡೆಯ ಇಟಗಿಯದು. ಇದು ರೋಣದ ಕಡೆಯ ಇಟಗಿ' ಎಂದೆ. ಆತ ನನ್ನ ಮಾತನ್ನು ನಂಬಲಿಲ್ಲ. ಚೀಲದಿಂದ ಒಂದು ಪುಸ್ತಕ ತೆಗೆದು, ಗುರುತು ಇಟ್ಟ ಪುಟವನ್ನು ನನ್ನ ಮುಂದೆ ಹಿಡಿದ.

ಆ ಪುಟವನ್ನು ಓದಬೇಕಾದ ಅಗತ್ಯ ನನಗೆ ಇರಲಿಲ್ಲ. ಊರುಗಳ ಪರಿಚಯದ ಆ ಸಂಕಲನಕ್ಕೆ 'ಇಟಗಿ' ಎಂಬ ಟಿಪ್ಪಣಿಯನ್ನು ಬರೆದುಕೊಟ್ಟವನು ನಾನೇ.

ಹುಟ್ಟಿದ ಊರಿನ ಬಗ್ಗೆ ಇಂಥ ತಪ್ಪು ಹೇಗೆ ಆಯಿತೆಂದು ಓದುಗರು ಕೇಳಬಹುದು. ಎರಡು ಇಟಗಿಗಳಿವೆ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತು. ಟಿಪ್ಪಣಿಯಲ್ಲಿ ಸುಳ್ಳು ಎನ್ನಬಹುದಾದ ವಾಕ್ಯ ಒಂದೂ ಇರಲಿಲ್ಲ. ಮೊದಲು ನಮ್ಮೂರಿನ ವಿಷಯ ಹೇಳಿ, ಆಮೇಲೆ 'ಇಟಗಿಯ ಮಹಾದೇವ ದೇವಾಲಯ ಚಾಲುಕ್ಯ ಶಿಲ್ಪದ ಶ್ರೇಷ್ಠ ಮಾದರಿ' ಎಂದು ಬರೆದಿದ್ದೆ. ಒಂದು ಇಟಗಿ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಮೊದಲಾಯಿತು ಎಂದು ಮಾತ್ರ ಹೇಳಿರಲಿಲ್ಲ. ಮರೆತು ಬಿಟ್ಟೆನೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕಾದರೆ ಅದು ಮರೆವಲ್ಲ. ನಮ್ಮೂರಿಗೂ ಸ್ವಲ್ಪ ಹೆಸರು ಬರಲಿ ಎಂಬ ಆಸೆ ಇತ್ತು. ಆ ಆಸೆಗಾಗಿ ಇಬ್ಬರು ಬಿಸಿಲಿನಲ್ಲಿ ಅಲೆದರು. ಅವರಿಗೆ ಮಜ್ಜಿಗೆ ಕೊಡಿಸಿ ಗಜೇಂದ್ರಗಡದ ಬಸ್ಸಿಗೆ ಹತ್ತಿಸಿದೆ. ಟಿಪ್ಪಣಿ ಬರೆದವನು ನಾನೆಂದು ಹೇಳುವ ಧೈರ್ಯ ಆಗಲಿಲ್ಲ.

ಈ ಪ್ರಸಂಗ ಸಣ್ಣದು. ಆದರೆ ಅದರ ಹಿಂದೆ ಇರುವ ಚರಿತ್ರೆ ಸಣ್ಣದಲ್ಲ. ಮಹಾದೇವ ದೇವಾಲಯವನ್ನು ಕ್ರಿ. ಶ. 1112ರಲ್ಲಿ ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅಲ್ಲಿಯ ಶಾಸನ ಆ ಗುಡಿಯನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಆ ಕಾಲದಲ್ಲಿ ಆ ಇಟಗಿಯೂ ಈ ಇಟಗಿಯೂ ಒಬ್ಬನೇ ಅರಸನ ನಾಡಿನಲ್ಲಿ ಇದ್ದವು. ಅವುಗಳ ನಡುವೆ ಗೆರೆ ಬಿದ್ದುದು ಬಹಳ ಈಚೆಗೆ. 1818ರಲ್ಲಿ ಪೇಶ್ವೆಯ ಆಳ್ವಿಕೆ ಅಳಿದ ಮೇಲೆ ರೋಣದ ಸೀಮೆ ಮುಂಬಯಿ ಸರಕಾರದ ಧಾರವಾಡ ಜಿಲ್ಲೆಯ ಪಾಲಾಯಿತು. ಯಲಬುರ್ಗಾ, ಕುಕನೂರುಗಳ ಸೀಮೆ ಹೈದರಾಬಾದಿನ ನಿಜಾಮನ ರಾಜ್ಯದಲ್ಲಿ ಉಳಿಯಿತು. ಒಂದೇ ಎರೆಮಣ್ಣು, ಒಂದೇ ಜೋಳ, ಒಂದೇ ಮಾತು. ಆದರೆ ನಾಣ್ಯ ಬೇರೆ, ಕಚೇರಿಯ ಭಾಷೆ ಬೇರೆ, ಕಾಯಿದೆ ಬೇರೆ. ಈ ಕಡೆಯ ಕಾಗದಗಳು ಇಂಗ್ಲಿಷಿನಲ್ಲಿ, ಆ ಕಡೆಯವು ಉರ್ದುವಿನಲ್ಲಿ. 1948ರಲ್ಲಿ ರಜಾಕಾರರ ಕಾಟ ಹೆಚ್ಚಿದಾಗ ಆ ಕಡೆಯ ಜನ ಗೆರೆ ದಾಟಿ ಬಂದರು. ಮುಂಡರಗಿಯಲ್ಲಿ, ಗಜೇಂದ್ರಗಡದಲ್ಲಿ ಹೋರಾಟದ ಶಿಬಿರಗಳು ನಡೆದವು. 1956ರ ನವೆಂಬರ್ 1ರಂದು ಆ ಗೆರೆ ಅಳಿಸಿಹೋಗಿ ಎರಡು ಇಟಗಿಗಳೂ ಒಂದೇ ರಾಜ್ಯಕ್ಕೆ ಸೇರಿದವು. ಈಗ ನಮ್ಮದು ಗದಗ ಜಿಲ್ಲೆ. ಅವರದು ಕೊಪ್ಪಳ ಜಿಲ್ಲೆ.

ಪುಸ್ತಕಗಳಲ್ಲಿ ಮಾತ್ರ ಆ ಗೆರೆ ಇನ್ನೂ ಉಳಿದಿದೆ. ಮುಂಬಯಿ ಸರಕಾರದವರು 1884ರಲ್ಲಿ ಪ್ರಕಟಿಸಿದ ಧಾರವಾಡ ಜಿಲ್ಲೆಯ ಗೆಜೆಟಿಯರ್ ತನ್ನ ಜಿಲ್ಲೆಯ ಎಲ್ಲೆಯೊಳಗಿನ ವಿಷಯಗಳನ್ನು ಹೇಳುವುದಕ್ಕೆ ಹೊರಟ ಗ್ರಂಥ. ಹೆನ್ರಿ ಕಸಿನ್ಸ್ ಚಾಲುಕ್ಯರ ವಾಸ್ತುಶಿಲ್ಪದ ಬಗ್ಗೆ 1926ರಲ್ಲಿ ಹೊರತಂದ ಪುಸ್ತಕದಲ್ಲಿ ಕನ್ನಡ ಜಿಲ್ಲೆಗಳನ್ನು ಒಂದು ಘಟಕವೆಂದು ತೆಗೆದುಕೊಂಡು, ಮುಂಬಯಿ ಸೀಮೆಯ ಲಕ್ಕುಂಡಿಯ ಜೊತೆಗೆ ನಿಜಾಮ ಸೀಮೆಯ ಇಟಗಿಯನ್ನೂ ವರ್ಣಿಸಿದ. ಒಬ್ಬರು ಕಂದಾಯದ ಗೆರೆಯನ್ನು ಹಿಡಿದರು, ಇನ್ನೊಬ್ಬರು ಶಿಲ್ಪದ ಗೆರೆಯನ್ನು ಹಿಡಿದರು. ಎರಡೂ ಸರಿ. ಆದರೆ ಯಾವ ಗೆರೆಯನ್ನು ಹಿಡಿದಿದ್ದಾರೆಂದು ನೋಡದೆ ಎರಡರಿಂದಲೂ ನಕಲು ಮಾಡುವವನು ನನ್ನ ಟಿಪ್ಪಣಿಯಂಥದನ್ನೇ ಬರೆಯುತ್ತಾನೆ.

ಇಲ್ಲಿಯವರೆಗೆ ಹೇಳಿದುದು ನಗಬಹುದಾದ ತಪ್ಪು. ಆದರೆ ಮೂರನೆಯ ಇಟಗಿ ಒಂದಿದೆ. ಅದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನದು. ಆ ತಾಲ್ಲೂಕಿನ ಹೆಸರು ಕೇಳಿದೊಡನೆ ಗಡಿ ವಿವಾದದ ನೆನಪು ಬಾರದೆ ಇರದು. ಅಲ್ಲಿಯ ಊರುಗಳ ಬಗ್ಗೆ ಬರೆಯುವಾಗ ಒಂದು ಪದ ಆಚೆ ಈಚೆ ಆದರೆ, ಬಿಸಿಲಿನಲ್ಲಿ ಅಲೆಯುವವರು ಇಬ್ಬರು ಪ್ರವಾಸಿಗಳಲ್ಲ. ನೆರೆಹೊರೆಯವರು ಒಬ್ಬರ ಮುಖ ಒಬ್ಬರು ನೋಡದಂತಾಗುತ್ತದೆ. ಇದನ್ನೂ ನಾನು ಸ್ವಂತ ಅನುಭವದಿಂದಲೇ ಕಲಿತೆ.

ಶಾಲೆಯ ಮಕ್ಕಳಿಗಾಗಿ ಒಮ್ಮೆ ಗಡಿ ಜಿಲ್ಲೆಗಳ ಬಗ್ಗೆ ಒಂದು ಕಿರುಹೊತ್ತಗೆ ಬರೆದೆ. ಅದರಲ್ಲಿ 'ಬೆಳಗಾವಿ ಕರ್ನಾಟಕದ್ದೆಂದು ಮಹಾಜನ ಆಯೋಗ ತೀರ್ಪು ಕೊಟ್ಟಿತು. ವಿವಾದ ಅಲ್ಲಿಗೆ ಮುಗಿಯಿತು' ಎಂಬ ವಾಕ್ಯ ಇತ್ತು. ಬರೆದಾಗ ನನಗೆ ಬಹಳ ಸಂತೋಷವಾಗಿತ್ತು. ನಿಪ್ಪಾಣಿಯ ಕಡೆಯ ನನ್ನ ಹಳೆಯ ಗೆಳೆಯರೊಬ್ಬರು ಅದನ್ನು ಓದಿದರು. ಅವರ ಮನೆಮಾತು ಮರಾಠಿ. ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು. ಅವರು ಸಿಟ್ಟಾಗಲಿಲ್ಲ. 'ನೀವು ಚರಿತ್ರೆಯ ಮಾಸ್ತರರು. ತೀರ್ಪು ಎಂಬ ಮಾತು ಯಾವ ಕಾಗದದಲ್ಲಿದೆ, ತೋರಿಸಿ' ಎಂದರು. ತೋರಿಸಲಾಗಲಿಲ್ಲ. 'ಹಾಗಾದರೆ ನನ್ನ ಮೊಮ್ಮಗ ಶಾಲೆಯಿಂದ ಬಂದು, ಅಜ್ಜ, ನೀನು ಸೋತವನು ಅಂತೆ ಎಂದರೆ ನಾನು ಏನು ಹೇಳಲಿ?' ಎಂದು ಕೇಳಿ ಸುಮ್ಮನಾದರು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಆಮೇಲೆ ಕುಳಿತು ಒಂದೊಂದೇ ಸಂಗತಿಯನ್ನು ಮೊದಲಿನಿಂದ ಹುಡುಕಿದೆ. ಫಜಲ್ ಆಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಇವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1953ರ ಡಿಸೆಂಬರಿನಲ್ಲಿ ನೇಮಕವಾಗಿ, 1955ರ ಸೆಪ್ಟೆಂಬರ್ 30ರಂದು ವರದಿ ಕೊಟ್ಟಿತು. ಬೆಳಗಾವಿ ಜಿಲ್ಲೆಯಲ್ಲಿ ಚಂದಗಡ ತಾಲ್ಲೂಕನ್ನು ಮುಂಬಯಿಗೆ ಬಿಟ್ಟು ಉಳಿದುದು ಕನ್ನಡ ರಾಜ್ಯಕ್ಕೆ ಬಂತು. ಮಹಾರಾಷ್ಟ್ರದವರು ಇದನ್ನು ಒಪ್ಪಲಿಲ್ಲ. ಕೊನೆಗೆ 1966ರ ಅಕ್ಟೋಬರ್ 25ರಂದು ಕೇಂದ್ರ ಸರಕಾರ, ಹಿಂದೆ ಭಾರತದ ಮುಖ್ಯ ನ್ಯಾಯಾಧೀಶರಾಗಿದ್ದ ಮೆಹರ್‌ಚಂದ್ ಮಹಾಜನರ ಏಕಸದಸ್ಯ ಆಯೋಗವನ್ನು ನೇಮಿಸಿತು. ಅದರ ವರದಿ ಬಂದುದು 1967ರ ಆಗಸ್ಟಿನಲ್ಲಿ. ಬೆಳಗಾವಿ ನಗರ ಮೈಸೂರು ರಾಜ್ಯದಲ್ಲಿಯೇ ಉಳಿಯಬೇಕು ಎಂದು ವರದಿ ಹೇಳಿತು. ಅದೇ ವರದಿ ನಿಪ್ಪಾಣಿ, ಖಾನಾಪುರ, ನಂದಗಡ ಮೊದಲಾದ ಸ್ಥಳಗಳನ್ನು ಮಹಾರಾಷ್ಟ್ರಕ್ಕೆ ಕೊಡಬೇಕು ಎಂದೂ, ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳ ಕಡೆಯ ಪ್ರದೇಶ ಮೈಸೂರಿಗೆ ಬರಬೇಕು ಎಂದೂ ಹೇಳಿತು.

ನನ್ನ ಕಿರುಹೊತ್ತಗೆಯಲ್ಲಿ ಮೊದಲನೆಯದು ಇತ್ತು; ಜತ್ತ, ಅಕ್ಕಲಕೋಟೆಗಳೂ ಇದ್ದವು; ನಡುವಿನ ನಿಪ್ಪಾಣಿ ಮಾತ್ರ ಇರಲಿಲ್ಲ! ಗೆಳೆಯರು ಅದೇ ಊರಿನ ಕಡೆಯವರು. ಅವರು ಅದನ್ನು ಎತ್ತಿ ಆಡಲಿಲ್ಲ ಎಂಬುದು ಅವರ ದೊಡ್ಡತನ.

'ತೀರ್ಪು' ಎಂಬ ಪದವನ್ನೂ ನೋಡೋಣ. ಆಯೋಗ ಮಾಡಿದುದು ಶಿಫಾರಸು. ರಾಜ್ಯಗಳ ಎಲ್ಲೆಯನ್ನು ಬದಲಿಸುವ ಅಧಿಕಾರ ಸಂವಿಧಾನದ 3ನೆಯ ಅನುಚ್ಛೇದದ ಪ್ರಕಾರ ಸಂಸತ್ತಿನದು. ಎರಡೂ ಕಡೆಯವರ ಮಾತಿನ ಮೇಲೆ ನೇಮಕವಾದ ಆಯೋಗದ ವರದಿಯೇ ಕೊನೆಯ ಮಾತಾಗಬೇಕು ಎಂಬುದು ಕರ್ನಾಟಕದ ನಿಲುವು. ಹಳ್ಳಿಯನ್ನೇ ಘಟಕವಾಗಿ ಹಿಡಿಯಬೇಕಾಗಿತ್ತು, ಆಯೋಗ ಒಂದೇ ಅಳತೆಗೋಲನ್ನು ಎಲ್ಲ ಕಡೆಗೂ ಬಳಸಲಿಲ್ಲ ಎಂಬುದು ಮಹಾರಾಷ್ಟ್ರದ ಆಕ್ಷೇಪ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಇಷ್ಟನ್ನು ಹೇಳಿದರೆ ಕನ್ನಡಿಗನಾದ ನನ್ನ ನಿಲುವು ಸಡಿಲವಾಗುವುದಿಲ್ಲ. ಬೆಳಗಾವಿ ನಮ್ಮದೆಂಬ ನಂಬಿಕೆ ನನಗೆ ಅಂದು ಎಷ್ಟು ಇತ್ತೋ ಇಂದೂ ಅಷ್ಟೇ ಇದೆ. ಆ ನಂಬಿಕೆಯನ್ನು ಸಂಪಾದಕರಿಗೆ ಬರೆಯುವ ಪತ್ರದಲ್ಲಿ ಹೇಳುತ್ತೇನೆ, ಸಭೆಯಲ್ಲಿ ಹೇಳುತ್ತೇನೆ. ಪರಿಚಯ ಗ್ರಂಥದ ಟಿಪ್ಪಣಿ ಅದಕ್ಕೆ ಜಾಗವಲ್ಲ. ವಿಷಯ ತಿಳಿಯಲೆಂದು ಟಿಪ್ಪಣಿಯನ್ನು ತೆರೆಯುವ ಓದುಗ ನಮ್ಮನ್ನು ನಂಬಿ ಬಂದಿರುತ್ತಾನೆ. ವಾದಕ್ಕೆ ಸಿದ್ಧನಾಗಿ ಬಂದಿರುವುದಿಲ್ಲ.

ಅಂಕಿಗಳ ಕಥೆ ಇನ್ನೂ ವಿಚಿತ್ರ. ಮಹಾಜನರು ಮಹಾರಾಷ್ಟ್ರಕ್ಕೆ ಕೊಡಲು ಹೇಳಿದ ಹಳ್ಳಿಗಳು 264 ಎಂದು ಒಂದು ಕಡೆ, 262 ಎಂದು ಇನ್ನೊಂದು ಕಡೆ ಅಚ್ಚಾಗಿರುವುದನ್ನು ಕಾಣಬಹುದು. 247 ಎಂಬ ಇನ್ನೊಂದು ಅಂಕಿಯಂತೂ ಎರಡು ವೇಷಗಳಲ್ಲಿ ತಿರುಗುತ್ತದೆ. 'ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ ಬರಬೇಕಾದ 247 ಹಳ್ಳಿಗಳು' ಎಂದು ಒಬ್ಬರು ಬರೆದರೆ, 'ಕರ್ನಾಟಕದಲ್ಲಿಯೇ ಉಳಿಯಬೇಕಾದ 247 ಹಳ್ಳಿಗಳು' ಎಂದು ಇನ್ನೊಬ್ಬರು ಬರೆಯುತ್ತಾರೆ. ಬರುವುದಕ್ಕೂ ಉಳಿಯುವುದಕ್ಕೂ ಇರುವ ಅಂತರ ಒಂದು ತಾಲ್ಲೂಕಿಗಿಂತ ದೊಡ್ಡದು. ಮಹಾರಾಷ್ಟ್ರದ ಬೇಡಿಕೆ 814 ಹಳ್ಳಿಗಳೆಂದು ಹಿಂದೆ ಬರೆಯುತ್ತಿದ್ದರು; ಈಚಿನ ಪತ್ರಿಕೆಗಳಲ್ಲಿ 865 ಎಂದು ಬರುತ್ತದೆ. ಮೂಲ ವರದಿಯನ್ನು ತೆರೆದು ನೋಡದೆ, ಒಂದು ಪತ್ರಿಕೆಯಿಂದ ಇನ್ನೊಂದು ಪತ್ರಿಕೆಗೆ, ಅಲ್ಲಿಂದ ಪುಸ್ತಕಕ್ಕೆ ಅಂಕಿಯನ್ನು ಎತ್ತಿಕೊಂಡರೆ ಹೀಗೆ ಆಗುತ್ತದೆ. ಹತ್ತು ಕಡೆ ಅಚ್ಚಾಗಿದೆ ಎಂದರೆ ಹತ್ತು ಸಾಕ್ಷಿಗಳಿವೆ ಎಂದಲ್ಲ. ಒಬ್ಬನೇ ಸಾಕ್ಷಿಯ ಹತ್ತು ಪ್ರತಿಧ್ವನಿಗಳಿರಬಹುದು.

ಅಂಕಿ ಸರಿಯಾಗಿದ್ದರೂ ಘಟಕ ಯಾವುದೆಂದು ಕೇಳಬೇಕು. 1951ರ ಜನಗಣತಿಯನ್ನು ನೋಡಿದರೆ ಬೆಳಗಾವಿ ನಗರದಲ್ಲಿ ಮರಾಠಿ ಮಾತಿನವರು ಕನ್ನಡದವರಿಗಿಂತ ಹೆಚ್ಚು. ಜಿಲ್ಲೆಯನ್ನು ಒಟ್ಟಾಗಿ ನೋಡಿದರೆ ಕನ್ನಡದವರೇ ಬಹುಸಂಖ್ಯಾತರು. ಇವೆರಡರಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟವನು ಸುಳ್ಳು ಹೇಳಿದಂತಾಗುವುದಿಲ್ಲ. ಆದರೂ ಓದುಗನಿಗೆ ಮೋಸವಾಗುತ್ತದೆ. ಕಾಸರಗೋಡಿನಲ್ಲಿ ನಮಗೆ ಇದೇ ನೋವು ತಿರುಗಿ ಬಂದಿದೆ. ಪುನರ್ವಿಂಗಡಣಾ ಆಯೋಗ ಇಡೀ ತಾಲ್ಲೂಕನ್ನು ಒಂದು ಘಟಕವಾಗಿ ಎಣಿಸಿ, ಮಲಯಾಳದವರು ಹೆಚ್ಚೆಂದು ಅದನ್ನು ಕೇರಳಕ್ಕೆ ಕೊಟ್ಟಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಪ್ರತ್ಯೇಕವಾಗಿ ನೋಡಿ ಎಂಬುದು ಅಲ್ಲಿಯ ಕನ್ನಡಿಗರ ಮೊರೆಯಾಗಿತ್ತು. ಮಹಾಜನರು ಆ ಮೊರೆಯನ್ನು ಒಪ್ಪಿದರು, ಕೇರಳ ಒಪ್ಪಲಿಲ್ಲ. ತುಳು ಮನೆಮಾತಿನವರನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕು ಎಂಬುದೂ ಅಲ್ಲಿ ಒಂದು ಪ್ರಶ್ನೆ. ಬೆಳಗಾವಿಯಲ್ಲಿ 'ಜಿಲ್ಲೆಯನ್ನು ನೋಡಿ' ಎನ್ನುವ ನಾವು ಕಾಸರಗೋಡಿನಲ್ಲಿ 'ತಾಲ್ಲೂಕನ್ನೂ ಒಡೆದು ನೋಡಿ' ಎನ್ನುತ್ತೇವೆ. ಬೆಳಗಾವಿಯಲ್ಲಿ 'ಹಳ್ಳಿಯನ್ನು ನೋಡಿ' ಎನ್ನುವವರೂ ತಮಗೆ ಒದಗುವ ಅಳತೆಯನ್ನೇ ಹಿಡಿಯುತ್ತಾರೆ. ವಾದ ಮಾಡುವವರಿಗೆ ಇದು ಸಹಜ. ಪರಿಚಯ ಬರೆಯುವವನು ಮಾತ್ರ ಅಳತೆಗೋಲಿನ ಹೆಸರನ್ನೂ ಅಂಕಿಯ ಜೊತೆಗೇ ಬರೆಯಬೇಕು.

ಹೊರಗಿನ ಲೋಕದಲ್ಲಿಯೂ ಹೀಗೆಯೇ ಇದೆ. ಮೊದಲನೆಯ ಮಹಾಯುದ್ಧದ ಬಳಿಕ ಡೆನ್ಮಾರ್ಕಿಗೂ ಜರ್ಮನಿಗೂ ನಡುವಿನ ಶ್ಲೆಸ್ವಿಗ್ ಸೀಮೆಯಲ್ಲಿ 1920ರಲ್ಲಿ ಜನರನ್ನೇ ಕೇಳಿದರು. ಉತ್ತರ ವಲಯದ ಮತಗಳನ್ನೆಲ್ಲ ಒಂದೇ ರಾಶಿಯಾಗಿ ಎಣಿಸುವುದೆಂದು ಮೊದಲೇ ಗೊತ್ತುಮಾಡಿದ್ದರು. ರಾಶಿಯಲ್ಲಿ ಡೆನ್ಮಾರ್ಕ್ ಗೆದ್ದಿತು. ಅದರೊಳಗಿದ್ದ ಟೋಂಡರ್ ಎಂಬ ಪಟ್ಟಣದ ಬಹುಮತ ಜರ್ಮನಿಯ ಕಡೆಗೆ ಇದ್ದರೂ ಪಟ್ಟಣ ಡೆನ್ಮಾರ್ಕಿಗೆ ಸೇರಿತು. 'ವಲಯದ ಜನ ಡೆನ್ಮಾರ್ಕನ್ನು ಬಯಸಿದರು' ಎಂಬ ಮಾತೂ ನಿಜ, 'ಪಟ್ಟಣದ ಜನ ಜರ್ಮನಿಯನ್ನು ಬಯಸಿದರು' ಎಂಬ ಮಾತೂ ನಿಜ. ಎರಡನ್ನೂ ಬರೆದ ಪುಸ್ತಕವನ್ನು ಎರಡು ದೇಶಗಳ ಮಕ್ಕಳೂ ಓದಬಹುದು.

ಇನ್ನು ಪದಗಳು. ಇದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಪಕ್ಕದ ನರಗುಂದವೇ ಸಾಕು. 1858ರ ಮೇ 29ರ ರಾತ್ರಿ ನರಗುಂದದ ಅರಸ ಭಾಸ್ಕರರಾವ್ ಭಾವೆ, ಸುರೇಬಾನದಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷ್ ಅಧಿಕಾರಿ ಮ್ಯಾನ್ಸನ್ನನ ಮೇಲೆ ಬಿದ್ದು ಅವನನ್ನು ಕೊಂದ. ಸ್ವಲ್ಪ ದಿನಗಳಲ್ಲಿಯೇ ನರಗುಂದ ಇಂಗ್ಲಿಷರ ವಶವಾಯಿತು. ಜೂನ್ 12ರಂದು ಬೆಳಗಾವಿಯಲ್ಲಿ ಅರಸನನ್ನು ಗಲ್ಲಿಗೆ ಹಾಕಿದರು. ಸರಕಾರದ ಹಳೆಯ ದಾಖಲೆಗಳಿಗೆ ಇದು 'ದಂಗೆ'. ನಮ್ಮ ಪಠ್ಯಗಳಿಗೆ 'ಸ್ವಾತಂತ್ರ್ಯ ಸಂಗ್ರಾಮ'. ದತ್ತಕಕ್ಕೆ ಒಪ್ಪಿಗೆ ಸಿಗಲಿಲ್ಲ, ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆ ಬಂತು ಎಂಬ ಕಾರಣಗಳನ್ನು ಹೇಳಿ, ನಡೆದುದನ್ನು ತೇದಿಯೊಡನೆ ಹೇಳಿದರೆ, ದಂಗೆಯೋ ಸಂಗ್ರಾಮವೋ ಎಂಬುದನ್ನು ಓದುಗ ತಾನೇ ತಿಳಿಯುತ್ತಾನೆ. ನನ್ನ ಮಟ್ಟಿಗೆ ಆತ ವೀರನೇ. ಆದರೆ ವೀರ ಎಂಬ ಪದವನ್ನು ನಾನು ಬರೆಯದಿದ್ದರೂ ಅವನ ವೀರತನಕ್ಕೆ ಕುಂದು ಬರುವುದಿಲ್ಲ.

ಆಕರಗಳಿಗೂ ಊರು, ಕುಲ, ಉಪ್ಪಿನ ಋಣ ಉಂಟು. ನಮ್ಮ ಗಜೇಂದ್ರಗಡದ ಹೆಸರು ಹೊತ್ತ ಒಪ್ಪಂದ 1787ರದು. ಮರಾಠರು, ನಿಜಾಮ ಒಂದು ಕಡೆ, ಟಿಪ್ಪು ಸುಲ್ತಾನ್ ಇನ್ನೊಂದು ಕಡೆ ನಿಂತು ಈ ಎರೆಭೂಮಿಗಾಗಿಯೇ ಹೋರಾಡಿದ ಯುದ್ಧ ಆ ಒಪ್ಪಂದದಿಂದ ನಿಂತಿತು. ಬಾದಾಮಿ ಮರಾಠರಿಗೆ ಹೋಯಿತು, ಅದೋನಿ ನಿಜಾಮನಿಗೆ ಹೋಯಿತು. ಈ ಕಾಲದ ಕಥೆಯನ್ನು ಮರಾಠರ ಕಾಗದಗಳನ್ನು ಹಿಡಿದು ಗ್ರಾಂಟ್ ಡಫ್ ಬರೆದ. ಟಿಪ್ಪುವಿನ ವೈರಿಗಳ ಪಾಳೆಯದಿಂದ ಮಾರ್ಕ್ ವಿಲ್ಕ್ಸ್ ಬರೆದ. ಮೈಸೂರಿನ ಕಡೆಯಿಂದ ಪಾರಸಿಯಲ್ಲಿ ಕಿರ್ಮಾನಿ ಬರೆದ. ಮೂವರಲ್ಲಿ ಒಬ್ಬನನ್ನು ಮಾತ್ರ ಓದಿದವನಿಗೆ ಯುದ್ಧದ ಮೂರನೆಯ ಒಂದು ಪಾಲು ಮಾತ್ರ ಕಾಣುತ್ತದೆ. ಮೂವರನ್ನೂ ಓದಿ, ಮೂವರೂ ಒಪ್ಪುವ ಸಂಗತಿಯನ್ನು ನೇರವಾಗಿ ಹೇಳಬೇಕು. ಒಪ್ಪದ ಸಂಗತಿಗೆ 'ಇಂಥವನ ಪ್ರಕಾರ' ಎಂದು ಹೆಸರು ಹಚ್ಚಬೇಕು. ಹಾಗೆಂದು ಎಲ್ಲರ ಮಾತನ್ನೂ ಸಮತೂಕದಲ್ಲಿ ತೂಗಬೇಕಾಗಿಲ್ಲ. ಒಬ್ಬನ ಕೈಯಲ್ಲಿ ಶಾಸನವಿದ್ದು ಇನ್ನೊಬ್ಬನ ಕೈಯಲ್ಲಿ ಬರಿಯ ಕೂಗು ಇದ್ದರೆ, ನಡುವೆ ನಿಂತು ಇಬ್ಬರಿಗೂ ಅರ್ಧರ್ಧ ಹಂಚುವುದು ನ್ಯಾಯವಲ್ಲ. 1112ರ ಗುಡಿಯನ್ನು ಎರಡು ಇಟಗಿಗಳಿಗೆ ಪಾಲು ಮಾಡಿ ಕೊಡಲಾದೀತೆ?

ಈಗ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ 14 ಸಂಪುಟಗಳು ನಮ್ಮ ಮುಂದಿವೆ. ಅಂಗೈಯಗಲದ ಯಂತ್ರದಲ್ಲಿ ಓದುವ ವಿಶ್ವಕೋಶಗಳೂ ಬಂದಿವೆ. ಅವನ್ನು ಯಾರು ಬೇಕಾದರೂ ತಿದ್ದಬಹುದು ಎಂದು ಹುಡುಗರು ಹೇಳುತ್ತಾರೆ. ಒಳ್ಳೆಯದೇ, ಆದರೆ ನನ್ನಂಥ ಅಭಿಮಾನಿಗಳು ಎಲ್ಲ ಕಡೆಯೂ ಇದ್ದಾರೆ. ಗಡಿಯ ಆಚೆ ಒಬ್ಬ, ಈಚೆ ಒಬ್ಬ ಕುಳಿತು ಒಂದೇ ವಾಕ್ಯವನ್ನು ದಿನಕ್ಕೆ ಹತ್ತು ಸಲ ತಿದ್ದುವುದೂ ಉಂಟಂತೆ. ಅವರಿಗೆ ನಾನು ಹೇಳಬಹುದಾದ ಮಾತು ಒಂದೇ: ಎದುರಾಳಿಯ ವಾಕ್ಯಕ್ಕೆ ಸಾಕ್ಷಿ ಕೇಳುವುದಕ್ಕೆ ಮುಂಚೆ ನಮಗೆ ಪ್ರಿಯವಾದ ವಾಕ್ಯಕ್ಕೆ ಸಾಕ್ಷಿ ಹುಡುಕಬೇಕು. ಬರೆಯುವಾಗ ಯಾವ ಸಾಲು ನಮಗೆ ಹೆಚ್ಚು ಸಂತೋಷ ಕೊಡುತ್ತದೆಯೋ ಆ ಸಾಲನ್ನು ಎರಡು ಸಲ ಪರೀಕ್ಷಿಸಬೇಕು. ನನ್ನ ಎರಡು ತಪ್ಪುಗಳೂ ಅಂಥ ಸಾಲುಗಳಲ್ಲಿಯೇ ಇದ್ದವು.

ಕಿರುಹೊತ್ತಗೆಯನ್ನು ತಿದ್ದಿ ಮತ್ತೆ ಅಚ್ಚು ಹಾಕಿಸಿದೆ. 'ತೀರ್ಪು' ಹೋಗಿ 'ಶಿಫಾರಸು' ಬಂತು; ನಿಪ್ಪಾಣಿಯ ಸಾಲು ಸೇರಿತು; ಎರಡು ರಾಜ್ಯಗಳ ನಿಲುವುಗಳೂ ಅವರವರ ಹೆಸರಿನಲ್ಲಿ ಬಂದವು. ಮೊದಲ ಪ್ರತಿಯನ್ನು ಗೆಳೆಯರಿಗೆ ಕಳಿಸಿದೆ. 'ಇದರಲ್ಲಿ ನನಗೆ ಹಿಡಿಸದ ಮಾತುಗಳು ಬಹಳ ಇವೆ; ಆದರೆ ಮೊಮ್ಮಗನಿಗೆ ಓದಲು ಕೊಟ್ಟಿದ್ದೇನೆ' ಎಂದು ಉತ್ತರ ಬರೆದರು. ನನ್ನ ಬರವಣಿಗೆಗೆ ಅದಕ್ಕಿಂತ ದೊಡ್ಡ ಪ್ರಶಂಸೆ ಬಂದಿಲ್ಲ.

ಊರುಗಳ ಪರಿಚಯದ ಆ ಹಳೆಯ ಸಂಕಲನ ಮಾತ್ರ ಮತ್ತೆ ಅಚ್ಚಾಗಲಿಲ್ಲ. ಅದರ ಪ್ರತಿಗಳು ಎಷ್ಟು ಕಪಾಟುಗಳಲ್ಲಿ ಇವೆಯೋ. ಆದುದರಿಂದ ಓದುಗರಲ್ಲಿ ಒಂದು ವಿನಂತಿ. ದೇವಾಲಯ ಚಕ್ರವರ್ತಿಯನ್ನು ನೋಡಬೇಕೆಂದಿದ್ದವರು ಕೊಪ್ಪಳ ಜಿಲ್ಲೆಯ ಕುಕನೂರಿನ ಕಡೆಗೆ ಹೋಗಿ. ದಾರಿ ತಪ್ಪಿ ನಮ್ಮೂರಿಗೆ ಬಂದರೆ ಬೇವಿನ ಕಟ್ಟೆಯ ಬಳಿ ವಿಚಾರಿಸಿ. ಮಜ್ಜಿಗೆ ಕೊಡಿಸುತ್ತೇನೆ, ತಪ್ಪು ನನ್ನದೆಂದು ಈ ಸಲ ಹೇಳುತ್ತೇನೆ.